ಎಲ್ಲಿಗಂಟ ಬಂತು?

ಇಂಜಿನಿಯರಿಂಗ್ ಕೊನೇ ವರ್ಷ. ಕನಕಪುರದ ಹತ್ತಿರದ ನಮ್ಮೂರಿಗೆ ರಜೆಗೆ ಹೋಗಿದ್ದಾಗ, ಜಾಗ ಸಾಲಲ್ಲ ಅಂತ ಲ್ಯಾಪ್‌ಟಾಪಿನ ಒಂದು ಪಾರ್ಟಿಶನ್ ಅಳಿಸಿಬಿಟ್ಟೆ. ಲಿನಕ್ಸ್ ಬೂಟ್ ಆಗಲು ಬೇಕಾದ ಫೈಲುಗಳು ಅದರಲ್ಲೇ ಇದ್ದವು. ಮತ್ತೆ ಆನ್ ಮಾಡಿದರೆ ಕಪ್ಪು ಪರದೆ, 'ಗ್ರಬ್ ರೆಸ್ಕ್ಯೂ' ಅನ್ನೋ ಸಾಲು. ಪ್ರಾಜೆಕ್ಟ್ ಪೂರ್ತಿ ಅದರೊಳಗಿತ್ತು. ರೇಷ್ಮೆ ಹುಳಕ್ಕೆ ಸೊಪ್ಪು ಹಾಕುತ್ತಿದ್ದ ಅಪ್ಪ ಬಗ್ಗಿ ನೋಡಿ ಕೇಳಿದ್ದು ಇಷ್ಟೇ: "ಎಲ್ಲಿಗಂಟ ಬಂದು ನಿಂತದೆ ಮಗಾ?"

ಬೂಟ್ ಲೋಡರ್ ಬರೆಯುವವರು ಮೊದಲು ಉತ್ತರಿಸಬೇಕಾದ ಪ್ರಶ್ನೆ ಅದೇ.

ಹಳೇ ಬಯೋಸ್ ಯಂತ್ರಗಳಲ್ಲಿ ಪವರ್ ಬಟನ್ ಒತ್ತಿದಾಗ ಡಿಸ್ಕಿನ ಮೊದಲ 512 ಬೈಟ್ ಮಾತ್ರ ಮೆಮೊರಿಗೆ ಬರುತ್ತೆ. ಪಾರ್ಟಿಶನ್ ಟೇಬಲ್ಲಿಗೆ 64, ಕೊನೆಯ ಗುರುತಿಗೆ 2 ಹೋದರೆ ಉಳಿಯೋದು 446. ಅಷ್ಟರಲ್ಲಿ ಎಲ್ಲ ಕೆಲಸ ಹಿಡಿಸಲ್ಲ. ಅದಕ್ಕೇ ಹಂತಗಳು: ಪುಟ್ಟದು ತನಗಿಂತ ದೊಡ್ಡದನ್ನು ಎಬ್ಬಿಸುತ್ತೆ, ಅದು ಕರ್ನಲ್ಲನ್ನು ಎಬ್ಬಿಸುತ್ತೆ. ನಮ್ಮ ಕಡೆಯವರಿಗೆ ಇದು ಹೊಸದೇನಲ್ಲ. ಎರಡನೇ ಜ್ವರ ಏಳುವ ತನಕ ಮರಿಹುಳುಗಳನ್ನು ಚಾಕಿ ಸೆಂಟರಿನವರು ಸಾಕಿಕೊಡ್ತಾರೆ. ಅಲ್ಲಿಂದ ಗೂಡಿನವರೆಗೆ ರೈತನ ಪಾಡು. ಬೆಳೆ ಕೈಕೊಟ್ಟರೆ ಮೊದಲು ಕೇಳೋದು, ಯಾವ ಜ್ವರದಲ್ಲಿ ಹೋಯ್ತು ಅಂತ.

ತೊಂಬತ್ತರ ದಶಕದ ಲೈಲೋ ಬೂಟ್ ಲೋಡರಿಗೆ ಈ ಪ್ರಶ್ನೆ ಗೊತ್ತಿತ್ತು. ತನ್ನ ಹೆಸರಿನ ನಾಲ್ಕು ಅಕ್ಷರಗಳನ್ನು ಹಂತಕ್ಕೊಂದರಂತೆ ಪರದೆಗೆ ಬರೆಯುತ್ತಿತ್ತು. ಎಲ್, ಐ ಬಂದು ನಿಂತರೆ ಮೊದಲ ಹಂತ ಎರಡನೆಯದನ್ನು ತಂದಿದೆ, ಅದು ಓಡುತ್ತಿಲ್ಲ ಅಂತರ್ಥ. ಆದರೆ ಕರ್ನಲ್ ಬದಲಾದಾಗಲೆಲ್ಲ ಲೈಲೋವನ್ನು ಮತ್ತೆ ಓಡಿಸಬೇಕು. ಮರೆತರೆ ಬೂಟ್ ಇಲ್ಲ.

ಈ ಕಷ್ಟ ತಪ್ಪಿಸಿದ್ದು ಗ್ರಬ್. ಅದು ಫೈಲ್ ಸಿಸ್ಟಮ್ಮನ್ನೇ ಓದುತ್ತೆ, ಕರ್ನಲ್ ಎಲ್ಲಿದೆ ಅಂತ ತಾನೇ ಹುಡುಕುತ್ತೆ. ಅಲ್ಲಿಗೇ ನಿಂತಿದ್ದರೆ ನನ್ನ ತಕರಾರಿಲ್ಲ. ಗ್ರಬ್ 2ರಲ್ಲಿ ಹತ್ತಾರು ಫೈಲ್ ಸಿಸ್ಟಮ್, ನೆಟ್‌ವರ್ಕ್, ಫಾಂಟು, ಥೀಮು, ಸ್ಕ್ರಿಪ್ಟ್ ಭಾಷೆ ಎಲ್ಲಾ ಇವೆ. ಕರ್ನಲ್ ಎಬ್ಬಿಸೋಕೆ ಬಂದವನು ತಾನೇ ಒಂದು ಕರ್ನಲ್ ಆಗೋಕೆ ಹೊರಟಿದ್ದಾನೆ. ಇದರ ಬೆಲೆ ಜುಲೈ 2020ರಲ್ಲಿ ಕಂಡಿತು. ಗ್ರಬ್ ತನ್ನ ಕಾನ್ಫಿಗರೇಶನ್ ಫೈಲ್ ಓದುವ ಕೋಡಿನಲ್ಲೇ 'ಬೂಟ್‌ಹೋಲ್' ಅನ್ನೋ ದೋಷ ಸಿಕ್ಕಿತು. ಅಡ್ಮಿನ್ ಅಧಿಕಾರ ಸಿಕ್ಕ ದಾಳಿಕೋರ ಆ ಫೈಲನ್ನು ತಿದ್ದಿ ಸೆಕ್ಯೂರ್ ಬೂಟಿನ ಕಾವಲನ್ನೇ ದಾಟಬಹುದಿತ್ತು. ಸಹಿ ನೋಡಿ ಒಳಗೆ ಬಿಟ್ಟ ಹಂತವೇ ಸಹಿ ಇಲ್ಲದ ಫೈಲಿನ ಮಾತು ಕೇಳಿ ಕೆಟ್ಟಿತು.

ಈಗಿನ ಯುಇಎಫ್ಐ ಯಂತ್ರಗಳಲ್ಲಿ 446 ಬೈಟಿನ ಇಕ್ಕಟ್ಟಿಲ್ಲ. ಫರ್ಮ್‌ವೇರೇ ಒಂದು ಫೈಲ್ ಸಿಸ್ಟಮ್ ಓದಬಲ್ಲದು. ಸಿಸ್ಟಮ್‌ಡಿ-ಬೂಟ್ ಅದನ್ನೇ ನೆಚ್ಚಿಕೊಂಡು ಚಿಕ್ಕದಾಗೇ ಉಳಿದಿದೆ. ಕರ್ನಲ್ಲನ್ನು ಫರ್ಮ್‌ವೇರಿಗೆ ಓದಲು ಬರುವ ಜಾಗದಲ್ಲಿ ಇಡಬೇಕು, ಅಷ್ಟೇ ಅದರ ಶರತ್ತು. ನಾನು ಅದಕ್ಕೇ ಓಟು ಹಾಕ್ತೀನಿ.

ಆದರೂ ಗ್ರಬ್ಬಿನ ಋಣ ಒಂದಿದೆ. ಆ ದಿನ ಅದು ಸುಮ್ಮನೆ ಲೋಗೋ ತೋರಿಸಿ ಕೂರಲಿಲ್ಲ. ಮೊದಲ ಹಂತಗಳು ಬದುಕಿವೆ, ಮುಂದಿನ ಫೈಲುಗಳಷ್ಟೇ ಇಲ್ಲ ಅಂತ ಹೇಳಿತ್ತು. ರಾಮನಗರದ ಗೆಳೆಯನ ಪೆನ್‌ಡ್ರೈವ್ ತಂದು ಲಿನಕ್ಸ್ ಮತ್ತೆ ಹಾಕಿದೆ. ಬೇರೆ ಪಾರ್ಟಿಶನ್ನಿನಲ್ಲಿದ್ದ ಪ್ರಾಜೆಕ್ಟ್ ಹಾಗೇ ಇತ್ತು.