ಕ್ಯಾಮೆರಾಕ್ಕೆ ‘ಇಲ್ಲ’ ಎನ್ನಲು ಬಾರದು

ತನ್ನ ಕೋಳಿ ಕೂಗುವುದರಿಂದಲೇ ಊರಿಗೆ ಬೆಳಗಾಗುತ್ತದೆ ಎಂದು ನಂಬಿದ್ದ ಅಜ್ಜಿಯ ಕಥೆ ನಮಗೆಲ್ಲ ಗೊತ್ತು. ಊರಿನವರ ಮೇಲೆ ಸಿಟ್ಟಾದ ಅಜ್ಜಿ ಕೋಳಿಯನ್ನು ಕಂಕುಳಲ್ಲಿ ಇರುಕಿಕೊಂಡು ಊರು ಬಿಡುತ್ತಾಳೆ. ನಾವು ಚಿಕ್ಕಂದಿನಲ್ಲಿ ಕೇಳಿದ ಕಥೆಯಲ್ಲಿ ಮರುದಿನವೂ ಸೂರ್ಯ ಹುಟ್ಟುತ್ತಾನೆ, ಅಜ್ಜಿಯ ಜಂಬ ಇಳಿಯುತ್ತದೆ. ತಾನಿಲ್ಲದಿದ್ದರೆ ಏನೂ ನಡೆಯದು ಎಂಬಂತೆ ಆಡುವವರನ್ನು ಕಂಡಾಗ ಇವತ್ತಿಗೂ ಈ ಕೋಳಿಯನ್ನೇ ನೆನೆಯುತ್ತೇವೆ.

2024ರಲ್ಲಿ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ಚಿತ್ರಗಳ ವಿಭಾಗವಾದ ‘ಲಾ ಸಿನೆಫ್’ನಲ್ಲಿ ಮೊದಲ ಬಹುಮಾನ ಪಡೆದ ‘ಸನ್‌ಫ್ಲವರ್ಸ್ ವರ್ ದ ಫಸ್ಟ್ ಒನ್ಸ್ ಟು ನೋ’ ಈ ಕಥೆಯ ಎಳೆಯನ್ನೇ ಹಿಡಿದ ಕನ್ನಡ ಕಿರುಚಿತ್ರ. ಇದನ್ನು ಮಾಡಿದ ಮೈಸೂರಿನ ಚಿದಾನಂದ ಎಸ್. ನಾಯ್ಕ್ ವೈದ್ಯಕೀಯ ಓದಿ, ಆಮೇಲೆ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಸೇರಿದವರು. ಒಂದು ವರ್ಷದ ಟೆಲಿವಿಷನ್ ಕೋರ್ಸಿನ ಕೊನೆಯ ಅಭ್ಯಾಸವಾಗಿ, ನಾಲ್ಕು ದಿನಗಳಲ್ಲಿ ಚಿತ್ರೀಕರಿಸಿದ, ಸುಮಾರು 16 ನಿಮಿಷದ ಚಿತ್ರ ಅದು. ಅಲ್ಲಿ ಮುದುಕಿಯೊಬ್ಬಳು ಊರಿನ ಹುಂಜವನ್ನು ಕದ್ದೊಯ್ಯುತ್ತಾಳೆ. ಆಮೇಲೆ ಸೂರ್ಯ ನಿಜವಾಗಿಯೂ ಹುಟ್ಟುವುದಿಲ್ಲ. ಊರು ಕತ್ತಲಲ್ಲಿ ಮುಳುಗುತ್ತದೆ. ಹುಂಜವನ್ನು ಮರಳಿ ತರಲು ಭವಿಷ್ಯವಾಣಿಯೊಂದರ ಮೊರೆಹೋಗುವ ಊರು ಮುದುಕಿಯ ಕುಟುಂಬವನ್ನೇ ಹೊರಗಟ್ಟುತ್ತದೆ.

ನಗೆಪಾಟಲಾಗಿದ್ದ ಅಜ್ಜಿಯ ನಂಬಿಕೆ ಇಲ್ಲಿ ನಿಜವಾಗಿದೆ. ವಿಮರ್ಶೆಯ ಅಭ್ಯಾಸದಂತೆ ಇದನ್ನು ‘ಮೂಲದ ಆಶಯದ ಮರುಸೃಷ್ಟಿ’ ಎಂದು ಕರೆದು ಮುಂದೆ ಹೋಗಬಹುದು. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದಕ್ಕಿಂತ ಚಿಕ್ಕ ಪ್ರಶ್ನೆ. ‘ಸೂರ್ಯ ಹುಟ್ಟಲಿಲ್ಲ’ ಎಂದು ಹೇಳಲು ಅಜ್ಜಿಕಥೆಗೆ ಎರಡು ಪದ ಸಾಕು. ಸಿನಿಮಾ ಅದನ್ನು ತೋರಿಸುವುದು ಹೇಗೆ? ಕತ್ತಲನ್ನು ತೋರಿಸಿದರೆ ಅದು ರಾತ್ರಿಯಷ್ಟೇ ಆಗುತ್ತದೆ. ಬೆಳಗಾಗಬೇಕಿದ್ದ ಹೊತ್ತಿನ ಕತ್ತಲು ಇದು ಎಂದು ನೋಡುವವನಿಗೆ ತಿಳಿಯಬೇಕಾದರೆ ಇನ್ನೇನೋ ಬೇಕು.

ಈ ಪ್ರಶ್ನೆ ನನಗೆ ಎದುರಾದದ್ದು ಪುಸ್ತಕದಲ್ಲಲ್ಲ. ಎಂ.ಎ. ಮುಗಿಸಿದ ವರ್ಷ ನಾವು ಐದು ಜನ ಗೆಳೆಯರು ಸೇರಿ ಹನ್ನೆರಡು ನಿಮಿಷದ ಚಿತ್ರವೊಂದನ್ನು ಮಾಡಿದೆವು. ಮದುವೆಗಳ ಫೋಟೊ ತೆಗೆಯುತ್ತಿದ್ದ ಗೆಳೆಯನ ಕ್ಯಾಮೆರಾ, ಎರಡು ರಾತ್ರಿಗಳ ಚಿತ್ರೀಕರಣ. ಕಥೆ ಇಷ್ಟೇ: ಕೊನೇ ಬಸ್ಸಿಗೆ ಬರುತ್ತೇನೆಂದ ಮಗನಿಗಾಗಿ ತಾಯಿ ಕಾಯುತ್ತಾಳೆ, ಮಗ ಬರುವುದಿಲ್ಲ. ಚಿತ್ರಕಥೆಯಲ್ಲಿ ‘ಬಸ್ಸು ಬಂತು, ಮಗ ಬರಲಿಲ್ಲ’ ಎಂದು ಒಂದು ಸಾಲಿತ್ತು. ಬಸ್ಸು ಬಂದದ್ದನ್ನು ಚಿತ್ರೀಕರಿಸುವುದು ಸುಲಭ. ಬಾರದೇ ಇರುವ ಮಗನ ಕಡೆಗೆ ಕ್ಯಾಮೆರಾ ತಿರುಗಿಸಿದರೆ ಅಲ್ಲಿರುವುದು ಬಾಗಿಲು ಮುಚ್ಚಿದ ಬೀಡಾ ಅಂಗಡಿ, ಒಂದು ಬೇವಿನ ಮರ.

ತಾಯಿಯ ಪಾತ್ರ ಮಾಡಿದವರು ನನ್ನ ಸೋದರತ್ತೆ. ಅಲ್ಲಿಯವರೆಗೆ ಎಂದೂ ನಟಿಸಿದವರಲ್ಲ. ಊಟಕ್ಕೆ ಅಣಿಮಾಡುವ ದೃಶ್ಯದಲ್ಲಿ ಅವರು ಎರಡು ತಟ್ಟೆ ಇಟ್ಟು, ನಾವು ಯಾರೂ ಹೇಳದಿದ್ದರೂ ಒಂದಕ್ಕೆ ಅನ್ನ ಬಡಿಸಿ ಇನ್ನೊಂದು ತಟ್ಟೆ ಮುಚ್ಚಿದರು. ಯಾಕೆ ಎಂದು ಕೇಳಿದೆ. “ಅವನು ಬರಲ್ಲ ಅಂತ ನಿಂಗೆ ಗೊತ್ತು ಕಣೋ, ನಂಗೆ ಗೊತ್ತಿರಬಾರದಲ್ಲ” ಎಂದರು. ಗೈರುಹಾಜರಿಯನ್ನು ತೋರಿಸುವ ಬಗ್ಗೆ ನಾನು ಕೇಳಿದ ಅತ್ಯುತ್ತಮ ಪಾಠ ಅದು. ‘ಬರಲಿಲ್ಲ’ ಎನ್ನುವುದನ್ನು ಕಟ್ಟಬೇಕಾದರೆ ಮೊದಲು ‘ಬರುತ್ತಾನೆ’ ಎನ್ನುವುದನ್ನು ಪೂರ್ತಿಯಾಗಿ ಕಟ್ಟಬೇಕು. ಮುಚ್ಚಿಟ್ಟ ತಟ್ಟೆಯನ್ನು ಕಂಡವನಿಗೆ ಮಾತ್ರ ಖಾಲಿ ರಸ್ತೆ ಖಾಲಿಯಾಗಿ ಕಾಣುತ್ತದೆ.

ಮುಂದಿನ ಪಾಠ ಸಂಕಲನದ ಮೇಜಿನ ಮೇಲೆ ಸಿಕ್ಕಿತು. ಬಸ್ಸು ಹೊರಟ ಮೇಲೆ ರಸ್ತೆಯ ಶಾಟನ್ನು ಎಷ್ಟು ಹೊತ್ತು ಇಡಬೇಕು? ನಾಲ್ಕು ಸೆಕೆಂಡಿಗೆ ಕತ್ತರಿಸಿದರೆ ಅದು ಬಸ್ಸು ಹೋದ ಮಾಹಿತಿ ಮಾತ್ರ. ಹನ್ನೊಂದು ಸೆಕೆಂಡಿನವರೆಗೆ ಹಿಡಿದಾಗ ಕಂಡಕ್ಟರನ ‘ರೈಟ್ ರೈಟ್’ ಅಡಗಿ, ಎಂಜಿನ್ನಿನ ಸದ್ದು ತಿರುವಿನಾಚೆ ಕರಗಿ, ಜೀರುಂಡೆಯ ದನಿ ಮೇಲೆದ್ದಿತು. ‘ಇಲ್ಲ’ ಎನ್ನುವ ಅರ್ಥ ಹುಟ್ಟಿದ್ದು ಆ ಏಳು ಸೆಕೆಂಡಿನ ಅಂತರದಲ್ಲಿ, ಅದೂ ಕಿವಿಯ ಮೂಲಕ. ಕತ್ತಲಿನದೂ ಇಂಥದೇ ಮಾತು. ಬೆಳಕಿಲ್ಲದ ಕಡೆ ಕ್ಯಾಮೆರಾ ಹಿಡಿದರೆ ಕತ್ತಲು ಸಿಗುವುದಿಲ್ಲ, ಬರೀ ಕಾಳುಕಾಳಾದ ಕಪ್ಪು ಸಿಗುತ್ತದೆ. ಬೇವಿನ ಮರದ ಹಿಂದೆ ಒಂದು ದೀಪ ಇಟ್ಟು ಎಲೆಯ ಅಂಚನ್ನು ಬೆಳಗಿಸಿದಾಗಲೇ ಅದರ ಸುತ್ತಲಿನ ಕತ್ತಲು ಕತ್ತಲಾಯಿತು. ಊರಿಗೆ ಊರನ್ನೇ ಕತ್ತಲಲ್ಲಿ ಇಡಬೇಕಿದ್ದ ನಾಲ್ಕು ದಿನಗಳ ಚಿತ್ರತಂಡ ಎಷ್ಟು ಬೆಳಕಿನ ಲೆಕ್ಕ ಹಾಕಿರಬೇಕು ಎಂಬುದು ನನಗೆ ಅರ್ಥವಾಗುವುದು ಆ ಒಂದು ಮರದಿಂದ.

ಚಿತ್ರಗಳು ನಿಷೇಧವನ್ನು ಹೇಳಲಾರವು ಎಂದು ಅಮೆರಿಕದ ವಿದ್ವಾಂಸ ಸೋಲ್ ವರ್ತ್ 1975ರ ಲೇಖನವೊಂದರಲ್ಲಿ ವಾದಿಸಿದ್ದ. ಚಿತ್ರದಲ್ಲಿ ಏನಿದೆಯೋ ಅದು ಇದೆ, ಅಷ್ಟೆ. ಇದನ್ನು ಕನ್ನಡದ ವಿದ್ಯಾರ್ಥಿಯಾಗಿ ಓದಿದರೆ ಇನ್ನಷ್ಟು ಅಚ್ಚರಿ ಕಾದಿದೆ. ನಮ್ಮ ಭಾಷೆ ನಿಷೇಧದಲ್ಲಿ ಬಲು ಶ್ರೀಮಂತ. ಇಲ್ಲ, ಅಲ್ಲ, ಬೇಡ, ಕೂಡದು, ಒಲ್ಲೆ, ಅರಿಯೆ: ಒಂದೊಂದರ ನಿರಾಕರಣೆಯ ರೀತಿಯೂ ಬೇರೆ. ಹಳಗನ್ನಡದ ನಿಷೇಧ ಕ್ರಿಯಾಪದಕ್ಕೆ ಕಾಲಸೂಚಕ ಪ್ರತ್ಯಯವೇ ಇಲ್ಲ. ‘ಮಾಡೆಂ’ ಎಂದರೆ ಮಾಡಲಿಲ್ಲ, ಮಾಡುವುದಿಲ್ಲ, ಮುಂದೆಯೂ ಮಾಡೆ, ಎಲ್ಲವೂ ಆಗಬಹುದು. ಅಲ್ಲಮನಂಥ ವಚನಕಾರ ಇದ್ದದ್ದನ್ನು ಇಲ್ಲವಾಗಿಸುತ್ತ ಬಯಲಿನ ತನಕ ನಡೆಯಲು ಸಾಧ್ಯವಾದದ್ದರ ಹಿಂದೆ ಭಾಷೆಯ ಈ ಕಸುವೂ ಇದೆ. ಅಂಥ ಭಾಷೆಯ ಕಥೆಯನ್ನು ‘ಇಲ್ಲ’ ಎನ್ನಲು ಬಾರದ ಮಾಧ್ಯಮಕ್ಕೆ ಒಯ್ಯುವಾಗ ನಡೆಯುವ ಜಗ್ಗಾಟವನ್ನು ನಮ್ಮ ವಿಮರ್ಶೆ ಸಾಕಷ್ಟು ಗಮನಿಸಿಲ್ಲ. ಪರೀಕ್ಷೆಯಲ್ಲಿ ನಾವು ಬರೆಯುವುದು ಚಿತ್ರ ಮೂಲಕ್ಕೆ ನಿಷ್ಠವಾಗಿದೆಯೇ, ಯಾವ ಪಾತ್ರ ಬಿಟ್ಟುಹೋಗಿದೆ, ಯಾವುದು ಹೊಸದಾಗಿ ಸೇರಿದೆ ಎಂಬುದನ್ನು.

ಈ ಕಣ್ಣಿನಿಂದ ‘ಘಟಶ್ರಾದ್ಧ’ವನ್ನು ಮತ್ತೆ ನೋಡಿದೆ. ಗಿರೀಶ ಕಾಸರವಳ್ಳಿ ಪುಣೆಯಲ್ಲಿ ವಿದ್ಯಾರ್ಥಿಯಾಗಿದ್ದಾಗ ಮಾಡಿದ ‘ಅವಶೇಷ’ ರಾಷ್ಟ್ರಪ್ರಶಸ್ತಿ ಪಡೆದಿತ್ತು. ಅದಾದ ಸ್ವಲ್ಪ ಸಮಯಕ್ಕೆ, 1977ರಲ್ಲಿ, ಅನಂತಮೂರ್ತಿಯವರ ಕಥೆಯನ್ನು ಆಧರಿಸಿ ಮಾಡಿದ ಅವರ ಮೊದಲ ಕಥಾಚಿತ್ರವಿದು. ಘಟಶ್ರಾದ್ಧ ಎಂಬ ವಿಧಿಯೇ ಒಂದು ನಿಷೇಧ ವಾಕ್ಯ. ಬದುಕಿರುವವಳಿಗೆ ಶ್ರಾದ್ಧ ಮಾಡಿ, ಮಡಕೆ ಒಡೆದು, ಅವಳು ನಮಗೆ ಇನ್ನಿಲ್ಲ ಎಂದು ಸಮುದಾಯ ಘೋಷಿಸುತ್ತದೆ. ಮಂತ್ರಕ್ಕೆ ಆ ಶಕ್ತಿಯಿದೆ, ಮಾತಿಗೂ ಇದೆ. ಕ್ಯಾಮೆರಾಕ್ಕೆ ಇಲ್ಲ. ಚಿತ್ರದ ಕೊನೆಯಲ್ಲಿ ತಲೆ ಬೋಳಿಸಲ್ಪಟ್ಟ ಯಮುನೆ ಮರದ ಕೆಳಗೆ ಇದ್ದಾಳೆ. ನಾಣಿ ಊರು ಬಿಟ್ಟು ಹೋಗುತ್ತಿದ್ದಾನೆ. ಅಗ್ರಹಾರ ಯಾರನ್ನು ಸತ್ತವಳೆಂದು ಕಳೆದುಹಾಕಿತೋ ಅವಳು ಕಪ್ಪುಬಿಳುಪಿನ ಚೌಕಟ್ಟಿನೊಳಗೆ ಉಸಿರಾಡುತ್ತ ಕೂತಿದ್ದಾಳೆ.

ಸಿನಿಮಾದ ಕೊರತೆಯೆಂದು ನಾನು ತಿಳಿದಿದ್ದ ಗುಣ ಇಲ್ಲಿ ಅದರ ನೀತಿಯಾಗಿ ಕಾಣುತ್ತದೆ. ಊರು ಇಲ್ಲ ಎಂದವಳನ್ನು ಕ್ಯಾಮೆರಾ ಇಲ್ಲ ಎನ್ನಲಾರದು. ಹಾಗೆಯೇ ‘ನಿನ್ನ ಕೋಳಿಯಿಂದ ಬೆಳಗಾಗುವುದಿಲ್ಲ’ ಎಂದು ಊರು ನಕ್ಕ ಮುದುಕಿಯ ಮಾತನ್ನು ಚಿದಾನಂದರ ಚಿತ್ರ ತಳ್ಳಿಹಾಕುವುದಿಲ್ಲ. ಅವಳ ನಂಬಿಕೆಯನ್ನೇ ಒಂದು ಜಗತ್ತಾಗಿ ಬೆಳಗಿ, ಅಥವಾ ಕತ್ತಲಾಗಿಸಿ, ನಮ್ಮೆದುರು ಇಡುತ್ತದೆ. ಎರಡೂ ಚಿತ್ರಗಳಲ್ಲಿ ಊರು ಹೊರಗಟ್ಟುವವಳು ಹೆಣ್ಣು ಎನ್ನುವುದು ಆಕಸ್ಮಿಕವಿರಲಾರದು.

ವಿದ್ಯಾರ್ಥಿ ಚಿತ್ರದಲ್ಲಿ ಈ ಸತ್ಯ ಬೇಗ ಎದುರಾಗುವುದಕ್ಕೆ ಕಾರಣವಿದೆ. ದೊಡ್ಡ ಚಿತ್ರಕ್ಕೆ ‘ಇಲ್ಲ’ ಎಂದು ಹೇಳಿಸಲು ಸಂಭಾಷಣೆಯಿದೆ, ಹಿನ್ನೆಲೆ ದನಿಯಿದೆ, ಕಣ್ಣೀರಿಗೊಂದು ಹಾಡಿದೆ. ಎರಡು ರಾತ್ರಿ, ಹನ್ನೆರಡು ನಿಮಿಷ, ನಟನೆ ಬಾರದ ಒಬ್ಬ ಅತ್ತೆ ಇಷ್ಟೇ ಇದ್ದಾಗ ಉಳಿಯುವುದು ತಟ್ಟೆ, ರಸ್ತೆ ಮತ್ತು ಹೊತ್ತು. ಇವುಗಳಿಂದಲೇ ವಾಕ್ಯ ಕಟ್ಟಬೇಕು.

ಈಗ ಸಂಶೋಧನೆಗಾಗಿ ಕಥೆಗಳನ್ನು ಓದುವಾಗ ಪೆನ್ಸಿಲ್ ಹಿಡಿದು ನಿಷೇಧ ಪದಗಳ ಕೆಳಗೆ ಗೆರೆ ಎಳೆಯುತ್ತೇನೆ. ಈ ‘ಇಲ್ಲ’ವನ್ನು ಯಾರು ಹೇಳುತ್ತಿದ್ದಾರೆ, ನಿರೂಪಕನೋ, ಪಾತ್ರವೋ, ಊರೋ? ಅದಕ್ಕೆ ಮುಂಚೆ ಯಾವ ‘ಇದೆ’ಯನ್ನು ಕಥೆ ಕಟ್ಟಿದೆ? ಸಾಹಿತ್ಯದ ತರಗತಿಯಲ್ಲಿ ರೂಪಾಂತರದ ಪಾಠ ಮಾಡುವವರು ಪ್ರಬಂಧ ಬರೆಸುವ ಮೊದಲು ಒಂದು ಸಣ್ಣ ಕೆಲಸ ಕೊಡಬಹುದು. ಯಾವುದಾದರೂ ಕಥೆಯಿಂದ ‘ಅವಳು ಮಾತಾಡಲಿಲ್ಲ’ ಎಂಬಂಥ ಒಂದೇ ಸಾಲು ಆರಿಸಿಕೊಂಡು, ಮೊಬೈಲಿನಲ್ಲಿ, ಮಾತಿನ ಸಹಾಯವಿಲ್ಲದೆ, ಒಂದು ನಿಮಿಷದೊಳಗೆ ಚಿತ್ರೀಕರಿಸಿ ತರುವುದು. ಸುಮ್ಮನಿರುವವಳಿಗೂ ಮಾತಾಡಬಹುದಿದ್ದು ಆಡದವಳಿಗೂ ಇರುವ ವ್ಯತ್ಯಾಸ ಆ ಒಂದು ನಿಮಿಷದಲ್ಲಿ ತಿಳಿಯುತ್ತದೆ. ಆಮೇಲೆ ಕಥೆಯನ್ನು ಮತ್ತೊಮ್ಮೆ ಓದಲಿ.