ಅಂಚಿನ ನಡೆ, ನಡುವಿನ ಗುರಿ: ಚದುರಂಗ ರಸಿಕರಿಗೊಂದು ಕೈಪಿಡಿ

ಮಣೆಯ ನಡುವಣ ನಾಲ್ಕು ಮನೆಗಳನ್ನು ಮೊದಲು ಹಿಡಿಯಬೇಕೆಂಬುದು ಚದುರಂಗದ ಪ್ರಥಮ ಪಾಠವಾದುದರಿಂದ, ನುರಿತ ಆಟಗಾರನೊಬ್ಬನು ಆ ಮನೆಗಳನ್ನು ಎದುರಾಳಿಗೇ ಬಿಟ್ಟು, ಮಂತ್ರಿಯ ಕಡೆಯ ಕುದುರೆಯ ಮುಂದಿರುವ ಪದಾತಿಯನ್ನು ಮೆಲ್ಲನೆ ಸರಿಸಿ ಆಟವನ್ನಾರಂಭಿಸಿದರೆ, ಹೊಸ ನೋಟಕನಿಗೆ ಅದು ಹುಡುಗಾಟವೆಂದೋ ಉದ್ಧಟತನವೆಂದೋ ತೋರುವುದು ಸಹಜ. ಆದರೆ ಪಾರ್ಶ್ವಾರಂಭಗಳ ಸ್ವಾರಸ್ಯವನ್ನು ಸವಿಯಬಯಸುವವನು ಮೊದಲು ಮನಗಾಣಬೇಕಾದುದು ಇಷ್ಟೆ: ಅಂಚಿನಲ್ಲಿ ನಡೆದ ನಡೆಯ ಬೆಲೆಯು ನಿರ್ಣಯವಾಗುವುದು ನಡುವಿನಲ್ಲಿಯೇ. ಪದಾತಿಯು ತೆರವು ಮಾಡಿದ ಮನೆಗೆ ಒಂಟೆಯು ಬಂದು ನಿಂತೊಡನೆ, ಅದರ ದೃಷ್ಟಿಯು ಕರ್ಣರೇಖೆಯುದ್ದಕ್ಕೂ ಹರಿದು ಕೇಂದ್ರವನ್ನು ಹಾಯುತ್ತದೆ. ಅಲ್ಲಿ ಎದುರಾಳಿಯು ನೆಟ್ಟ ಪದಾತಿಗಳು ಅವನಿಗೆ ಬಲವಾಗುವ ಬದಲು ಸದಾ ಕಾಯಬೇಕಾದ ಹೊರೆಯಾಗಬಹುದೆಂಬುದೇ, ಮೊದಲನೆಯ ಮಹಾಯುದ್ಧದ ತರುವಾಯ ನಿಮ್ಜೋವಿಚ್, ರೇಟಿ, ತಾರ್ತಕೋವರ್ ಮೊದಲಾದವರು ಪ್ರತಿಪಾದಿಸಿದ ಮತ.

ಈ ಮತದ ಸತ್ತ್ವವನ್ನರಿಯಲು 1924ರ ನ್ಯೂಯಾರ್ಕ್ ಪಂದ್ಯಾವಳಿಯಲ್ಲಿ ರೇಟಿಯು ಜಗಜ್ಜೇತ ಕಾಪಾಬ್ಲಾಂಕನೊಡನೆ ಆಡಿದ ಆಟವನ್ನು ನಡೆ ನಡೆಯಾಗಿ ಮಣೆಯ ಮೇಲೆ ಇಟ್ಟು ನೋಡುವುದು ಲೇಸು. ರೇಟಿಯು ಒಂಟೆಗಳೆರಡನ್ನೂ ಎರಡು ಪಾರ್ಶ್ವಗಳಲ್ಲಿ ನಿಲ್ಲಿಸಿ, ಮಂತ್ರಿಯ ಮುಂದಣ ಪದಾತಿಯನ್ನು 8ನೆಯ ನಡೆಯಲ್ಲಿ ಒಂದೇ ಮನೆ ಸರಿಸಿದನು. ಅದು ಕೇಂದ್ರಕ್ಕೆ ಕಾಲಿಟ್ಟುದು 16ನೆಯ ನಡೆಯಲ್ಲಿ. ಅಲ್ಲಿಂದ ಮುಂದೆ ರೇಖೆಗಳು ತೆರೆದುಕೊಂಡ ಬಗೆಯೇ ಈ ಆಟದ ರಸಸ್ಥಾನ. 31 ನಡೆಗಳಲ್ಲಿ, ಎಂಟು ವರ್ಷಗಳಿಂದ ಸೋಲನ್ನೇ ಕಾಣದಿದ್ದ ಕಾಪಾಬ್ಲಾಂಕನು ಶರಣಾದನು.

ಇದರ ಬೆನ್ನಿಗೇ ನೋಡತಕ್ಕುದು 1970ರಲ್ಲಿ ಬೆಲ್‌ಗ್ರೇಡ್‌ನಲ್ಲಿ ಸೋವಿಯತ್ ತಂಡಕ್ಕೂ ಉಳಿದ ಜಗತ್ತಿನ ತಂಡಕ್ಕೂ ನಡೆದ ಸ್ಪರ್ಧೆಯ ಒಂದು ಆಟ. ಡೆನ್ಮಾರ್ಕಿನ ಲಾರ್ಸನ್ ತನಗೆ ಪ್ರಿಯವಾದ, ಇಂದು ಅವನ ಹೆಸರಿನಿಂದಲೇ ಕರೆಯಲ್ಪಡುವ ಪಾರ್ಶ್ವಾರಂಭವನ್ನೇ ಸ್ಪಾಸ್ಕಿಯ ಮೇಲೆ ಪ್ರಯೋಗಿಸಿದನಾದರೂ, ಒಂದೇ ಕುದುರೆಯನ್ನು ಮೂರು ಸಲ ನಡೆಸಿ, ಒಮ್ಮೆ ಮಾತ್ರ ನಡೆದಿದ್ದ ಎದುರಾಳಿಯ ಕುದುರೆಯೊಡನೆ ವಿನಿಮಯ ಮಾಡಿಕೊಂಡನು. ಅವನ ಮಂತ್ರಿಯ ಮುಂದಣ ಪದಾತಿಯಂತೂ ಕಡೆಯವರೆಗೂ ಕದಲಲೇ ಇಲ್ಲ. ಕೇಂದ್ರವನ್ನು ಪ್ರಶ್ನಿಸದೆ ಕಾಲವನ್ನು ವ್ಯಯಮಾಡಿದುದರ ಫಲವಾಗಿ, 14ನೆಯ ನಡೆಯಲ್ಲಿ ಸ್ಪಾಸ್ಕಿಯು ಆನೆಯನ್ನು ಮೂಲೆಯ ಮನೆಯಲ್ಲಿ ಬಲಿಕೊಟ್ಟು ಪದಾತಿಗೆ ದಾರಿಮಾಡಿದನು. 17ನೆಯ ನಡೆಗೆ ಆಟ ಮುಗಿಯಿತು.

ಹೀಗೆಂದಮಾತ್ರಕ್ಕೆ ಅಂಚಿನ ನಡೆಗಳೆಲ್ಲವೂ ಸಮಾನವೆಂದು ಭಾವಿಸಲಾಗದು. ಸ್ವಿಟ್ಜರ್ಲೆಂಡಿನ ಹೆನ್ರಿ ಗ್ರೋಬ್ ಬಹುವಾಗಿ ಪ್ರಚಾರಗೊಳಿಸಿದ ಆರಂಭದಲ್ಲಿ ರಾಜನ ಕಡೆಯ ಕುದುರೆಯ ಮುಂದಿನ ಪದಾತಿಯು ಎರಡು ಮನೆ ಧಾವಿಸುವುದರಿಂದ, ಒಂಟೆಗೆ ಕರ್ಣರೇಖೆ ದೊರೆಯುವುದೇನೋ ನಿಜ. ಆದರೆ ರಾಜನು ಮುಂದೆ ಆಶ್ರಯಿಸಬಹುದಾದ ಕೋಟೆಯ ಗೋಡೆಯೇ ಬಿರಿಯುತ್ತದೆ, ಮತ್ತು ಎದುರಾಳಿಯು ಮಂತ್ರಿಯ ಮುಂದಣ ಪದಾತಿಯನ್ನು ಎರಡು ಮನೆ ನಡೆಸಿದೊಡನೆ ಅವನ ಒಂಟೆಯ ಕಣ್ಣು ಧಾವಿಸಿದ ಆ ಪದಾತಿಯ ಮೇಲೆಯೇ ಬೀಳುತ್ತದೆ. ಇಂತಹ ಆಟದಲ್ಲಿ ಸವಿಯತಕ್ಕುದು ಸಾಹಸದ ರುಚಿಯೇ ಹೊರತು ಸ್ಥಿತಿಯ ಸೊಬಗಲ್ಲ.

ಆದ್ದರಿಂದ ರಸಿಕನು 10ನೆಯ ನಡೆ ಮುಗಿದೊಡನೆ ಕೈತಡೆದು, ನಡುವಣ ಯಾವ ಪದಾತಿಯ ಮೇಲೆ ಎಷ್ಟು ಬಲಗಳ ದೃಷ್ಟಿ ನೆಟ್ಟಿದೆ, ಅದನ್ನು ಕಾಯುತ್ತಿರುವವು ಎಷ್ಟು ಎಂಬುದನ್ನು ತಾನೇ ಲೆಕ್ಕಹಾಕಲಿ. ವ್ಯಾಖ್ಯಾನವನ್ನು ಓದುವುದು ಅನಂತರವಾಗಲಿ. ಈ ಲೆಕ್ಕವು ಕೈವಶವಾದವನಿಗೆ, ಮೊದಲ ನಡೆಯ ವಿಚಿತ್ರತೆಗಿಂತಲೂ, ಕೇಂದ್ರಕ್ಕೆ ನುಗ್ಗುವ ಗಳಿಗೆಗಾಗಿ ಕಾದ ಆಟಗಾರನ ತಾಳ್ಮೆಯೇ ಹಿರಿದೆಂಬುದು ಮನದಟ್ಟಾಗುವುದು.