ಮೂವತ್ತು ಸೆಕೆಂಡಿನ ಅಂದಾಜು

ಮಳೆಗಾಲದಲ್ಲಿ ಕಾಫಿ ತೋಟಗಳ ಊರಾದ ಬಿಕ್ಕೋಡಿನ ಕಡೆ ಕರೆಂಟು ಯಾವಾಗ ಹೋಗುತ್ತದೆ, ಯಾವಾಗ ಬರುತ್ತದೆ ಹೇಳಲಾಗದು. ಕಾಫಿ ತೋಟದಲ್ಲಿ ಮಳೆ ಅಳೆಯಲು ಬೀಗಲ್‌ಬೋನ್ ಬ್ಲ್ಯಾಕ್ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡು ಇಟ್ಟರೆ ಅದು ಮತ್ತೆ ಮತ್ತೆ ಬೂಟ್ ಆಗಲೇಬೇಕು. ಬೆಂಗಳೂರಿನ ಕಚೇರಿಯಲ್ಲಿ ತಿಂಗಳುಗಟ್ಟಲೆ ಆರದ ಯಂತ್ರದಲ್ಲಿ ಅಡಗಿ ಕೂತ ದೋಷ ಇಲ್ಲಿ ಬೇಗ ಬಯಲಾಗುತ್ತದೆ. ಲಿನಕ್ಸ್ ಕರ್ನಲ್ ತನ್ನ ವಿದ್ಯುತ್ ರೆಗ್ಯುಲೇಟರ್‌ಗಳನ್ನು ನಡೆಸಿಕೊಳ್ಳುವ ರೀತಿಯನ್ನು ತೂಗಿ ನೋಡಲು ಇಂಥ ಊರೇ ಸರಿ.

2008ರಲ್ಲಿ, 2.6.27ನೇ ಆವೃತ್ತಿಯಲ್ಲಿ, ರೆಗ್ಯುಲೇಟರ್ ವ್ಯವಸ್ಥೆ ಕರ್ನಲ್‌ಗೆ ಸೇರಿತು. ಉಪಕರಣದ ಡ್ರೈವರ್ ಏಳುವ ಮುನ್ನ ಅದಕ್ಕೆ ವಿದ್ಯುತ್ ಕೊಡುವ ರೆಗ್ಯುಲೇಟರ್ ಸಿದ್ಧವಿರಬೇಕು. ಅದಕ್ಕೆ ಆಗ ಹಿಡಿದ ದಾರಿ ಸರದಿ ಹಾರುವುದು. ಸಾಮಾನ್ಯ ಡ್ರೈವರ್‌ಗಳ ಹಂತಕ್ಕಿಂತ ಮುಂಚಿನ ಸಬ್‌ಸಿಸ್ ಹಂತದಲ್ಲೇ ರೆಗ್ಯುಲೇಟರ್ ಡ್ರೈವರ್ ನೋಂದಾಯಿಸುವುದು. ಆದರೆ ಈ ಬೋರ್ಡಿನ ರೆಗ್ಯುಲೇಟರ್‌ಗಳಿರುವ ಟಿಪಿಎಸ್65217 ಚಿಪ್ಪಿನೊಡನೆ ಮಾತಾಡಲು ಐ2ಸಿ ಬಸ್ ಬೇಕು. ಹಾಗಾಗಿ ಐ2ಸಿ ಡ್ರೈವರೂ ಅದೇ ಹಂತಕ್ಕೆ ಹತ್ತಿತು. ಇಬ್ಬರೂ ಒಂದೇ ಹಂತದಲ್ಲಿದ್ದರೆ ಮೊದಲು ಯಾರು? ಕರ್ನಲ್ ಕಟ್ಟುವ ಮೇಕ್‌ಫೈಲ್‌ನಲ್ಲಿ ಯಾರ ಸಾಲು ಮೇಲಿದೆಯೋ ಅವರು! ಡ್ರೈವರ್‌ಗಳ ಮೇಕ್‌ಫೈಲ್‌ನಲ್ಲಿ ರೆಗ್ಯುಲೇಟರ್ ಸಾಲಿನ ನೆತ್ತಿಯ ಮೇಲೆ, ಬೇರೆಯವು ಇದನ್ನು ನಂಬಿವೆ, ಮುಂಚೆಯೇ ಇರಲಿ ಎಂಬರ್ಥದ ಟಿಪ್ಪಣಿಯೂ ಇದೆ. ಇದನ್ನು ವಿನ್ಯಾಸ ಎನ್ನಲು ನನಗೆ ಬಾಯಿ ಬಾರದು.

2012ರಲ್ಲಿ ಕರ್ನಲ್ ಡೆವಲಪರ್ ಗ್ರ್ಯಾಂಟ್ ಲೈಕ್ಲಿ ತಂದ ಮುಂದೂಡುವ ಕ್ರಮ ಮೇಲು. ಬೇಕಾದದ್ದು ಸಿಗದ ಡ್ರೈವರ್ -517 ಎಂದು ಮರಳುತ್ತದೆ. ಇನ್ನೊಂದು ಡ್ರೈವರ್ ನೆಲೆಗೊಂಡಾಗ ಇದಕ್ಕೆ ಮತ್ತೆ ಅವಕಾಶ. ಬೂಟ್ ತುಸು ನಿಧಾನ, ಆದರೆ ಪ್ರಾಮಾಣಿಕ. ಕರ್ನಲ್ 5.13ರಿಂದ, ಬೋರ್ಡಿನ ಯಂತ್ರಾಂಶವನ್ನು ವಿವರಿಸುವ ಡಿವೈಸ್ ಟ್ರೀಯಲ್ಲಿ ಬರೆದ ನಂಟನ್ನು ಓದಿಯೇ ಸರದಿ ಕಟ್ಟುವ ಎಫ್‌ಡಬ್ಲ್ಯೂ ಡೆವ್‌ಲಿಂಕ್ ತಾನಾಗಿಯೇ ಚಾಲೂ ಇರುತ್ತದೆ. ಮೊದಲೇ ಮಾಡಬೇಕಿದ್ದ ಕೆಲಸ.

ತಕರಾರಿರುವುದು ಬೂಟ್‌ನ ಕೊನೆಗೆ. ಯಾರೂ ಕೇಳದ ರೆಗ್ಯುಲೇಟರ್‌ಗಳನ್ನು ಕರ್ನಲ್ ಆಫ್ ಮಾಡುತ್ತದೆ. ತಡವಾಗಿ ಲೋಡ್ ಆಗುವ ಮಾಡ್ಯೂಲ್‌ಗಳಿಗೆಂದು 2019ರಲ್ಲಿ ಇದನ್ನು 30 ಸೆಕೆಂಡು ಮುಂದೂಡಿದರು. ಏಕೆ 30? ಅದು ಅಂದಾಜು ಎಂದು ಕೋಡಿನ ಟಿಪ್ಪಣಿಯೇ ಒಪ್ಪುತ್ತದೆ. ಫಲವಾಗಿ, ಡಿವೈಸ್ ಟ್ರೀಯಲ್ಲಿ ನಂಟು ಬರೆಯದೆ ಬಿಟ್ಟ ಉಪಕರಣ ಅರ್ಧ ನಿಮಿಷ ಚೆನ್ನಾಗಿ ನಡೆದು ಸದ್ದಿಲ್ಲದೆ ನಿಂತುಹೋಗಬಹುದು. ಬೂಟ್ ಆದದ್ದು ನೋಡಿ ಎದ್ದುಹೋದವನಿಗೆ ಇದು ಗೊತ್ತೇ ಆಗದು. ಗೊತ್ತಾದವನು ಆ ರೆಗ್ಯುಲೇಟರ್‌ಗೆ 'ಆಲ್ವೇಸ್ ಆನ್' ಎಂದು ಒಂದು ಸಾಲು ಸೇರಿಸಿ ಕೈ ತೊಳೆದುಕೊಳ್ಳುತ್ತಾನೆ. ಸೋಲಾರ್ ಬ್ಯಾಟರಿ ಮೇಲೆ ನಡೆಯುವ ಬೋರ್ಡಾದರೆ ಅದಕ್ಕೆ ಆ ಸಾಲು ಹಗಲೂ ರಾತ್ರಿ ಖರ್ಚು. ಅದನ್ನು ಅಳಿಸಲು ಆಮೇಲೆ ಯಾರೂ ಬರುವುದಿಲ್ಲ.